ಅಡ್ಡಗಾಳಿಯಲ್ಲಿ ಅವ್ವನನ್ನು ಇಳಿಸಿದ್ದು

ಮಸೂತಿ ಎಂಬ ಊರಿನ ದಾನೇಶ್ವರಿ ವಿಮಾನದ ಕ್ಯಾಪ್ಟನ್ ಆಗಿ ವರ್ಷವಾಯಿತು. ಆದರೂ ಅವಳ ಅವ್ವ ಯಲ್ಲವ್ವ ಊರವರಿಗೆ ಹೇಳುವುದು ಡ್ರೈವರ್ ಎಂದೇ. ದನಿ ಮಾತ್ರ ಜಿಲ್ಲಾಧಿಕಾರಿಯನ್ನೇ ಹೆತ್ತವಳದು. ಇಷ್ಟು ಹೆಮ್ಮೆಯ ಹೆಂಗಸು, ಕಿರಿಯ ಮಗಳು ಕೋಮಲ ತಾನೂ ಪೈಲಟ್ ಆಗುತ್ತೇನೆಂದಾಗ ಚೂರೂ ಕರಗಲಿಲ್ಲ. ಒಬ್ಬಳನ್ನು ಗಾಳಿಗೆ ಬಿಟ್ಟದ್ದೇ ಸಾಕು ಎಂದಳು. ಕೋಮಲ ಅತ್ತಳು, ಮಾತು ಬಿಟ್ಟಳು. ಯಲ್ಲವ್ವ ಮಿಸುಕಲಿಲ್ಲ.

ಕೊನೆಗೆ ದಾನೇಶ್ವರಿಯೇ ಉಪಾಯ ಹೂಡಿದಳು. ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದ ಅವ್ವನನ್ನು ತನ್ನದೇ ವಿಮಾನದಲ್ಲಿ ಬೆಳಗಾವಿಗೆ ಒಯ್ಯುವುದು, ನೆಲ ಮುಟ್ಟಿದ್ದೇ ಗೊತ್ತಾಗದಂತೆ ಇಳಿಸುವುದು, ಅವಳು ಖುಷಿಯಲ್ಲಿದ್ದಾಗಲೇ ಕೋಮಲಳಿಗೆ ಒಪ್ಪಿಗೆ ಕೇಳುವುದು. ಅಷ್ಟಕ್ಕೆ ಸುಮ್ಮನಾಗದೆ, ಇಳಿದದ್ದೂ ನಿನಗ ತಿಳಿಯಂಗಿಲ್ಲಬೇ ಎಂದು ಮಾತೂ ಕೊಟ್ಟುಬಿಟ್ಟಳು. ಆಕಾಶದಲ್ಲಿ ಕೆಲಸ ಮಾಡುವವರು ಹಾಗೆಲ್ಲ ಮಾತು ಕೊಡಬಾರದು. ಆದರೆ ಅವ್ವನ ಮುಂದೆ ಯಾವ ಮಗಳ ಬಾಯಿ ಸುಮ್ಮನಿರುತ್ತದೆ?

ಯಲ್ಲವ್ವ ವಿಮಾನ ಹತ್ತಿದ್ದೇ ಹಿಂದೆ ಮುಂದೆ ಕೂತವರಿಗೆಲ್ಲ ಶೇಂಗಾ ಹೋಳಿಗೆ ಹಂಚಿದಳು. ಇದನ್ನು ಓಡಿಸುವಾಕಿ ತನ್ನ ಮಗಳೆಂದು ಸಾರಿ, ಕಿಟಕಿಗೆ ಮುಖ ಹಚ್ಚಿ ಕೂತಳು.

ಬೆಳಗಾವಿ ಹತ್ತಿರವಾದಂತೆ ಗಾಳಿ ಕೆಟ್ಟಿತು. ರನ್‌ವೇಗೆ ಪೂರಾ ಅಡ್ಡ. ಅಡ್ಡಗಾಳಿಯಲ್ಲಿ ಮೂತಿ ನೆಟ್ಟಗೆ ಹಿಡಿದರೆ ವಿಮಾನ ಬದಿಗೆ ಕೊಚ್ಚಿಕೊಂಡು ಹೋಗುತ್ತದೆ. ಬಾಗೇವಾಡಿಯ ಹೈಸ್ಕೂಲಿಗೆ ಸೈಕಲ್ ತುಳಿಯುವಾಗ ಆಷಾಢದ ಗಾಳಿ ನೂಕಿದರೆ ದಾನೇಶ್ವರಿ ಹ್ಯಾಂಡಲನ್ನು ಗಾಳಿಯ ಕಡೆಗೇ ತುಸು ಹೊರಳಿಸುತ್ತಿದ್ದಳಲ್ಲ, ಇಲ್ಲಿಯೂ ಹಾಗೆಯೇ. ಮೂತಿಯನ್ನು ಗಾಳಿಯ ಕಡೆ ತಿರುಗಿಸಿ ಸೊಟ್ಟಗೇ ಬರಬೇಕು. ನೆಲ ಮುಟ್ಟುವ ಹೊತ್ತಿಗೆ ಕಾಲಿನ ಪೆಡಲ್ ಒತ್ತಿ ನೆಟ್ಟಗಾಗಿ, ಗಾಳಿಯ ಕಡೆಯ ರೆಕ್ಕೆಯನ್ನು ತುಸು ಬಾಗಿಸಿ, ಆ ಬದಿಯ ಚಕ್ರವನ್ನೇ ಮೊದಲು ಊರಬೇಕು. ಅದೂ ಗಟ್ಟಿಯಾಗಿ. ಹಗುರ ಇಳಿಸುತ್ತೇನೆಂದು ತೇಲುತ್ತ ಹೋದರೆ ಗಾಳಿ ರನ್‌ವೇಯಿಂದಾಚೆ ಒಗೆದುಬಿಡುತ್ತದೆ.

ಇದೆಲ್ಲ ದಾನೇಶ್ವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವತ್ತು ಹಿಂದೆ ಕೂತವಳು ಯಲ್ಲವ್ವ. ನೆಲ ಇನ್ನೇನು ಮುಟ್ಟಬೇಕು, ಕೊಟ್ಟ ಮಾತು ನೆನಪಾಗಿ ಕೈ ತುಸು ಹಗುರವಾಯಿತು. ವಿಮಾನ ತೇಲಿತು, ಬದಿಗೆ ಜಾರಿತು. ಈಗ ಇಳಿಯುವುದನ್ನು ಬಿಟ್ಟು ಮೇಲೆದ್ದರೆ ಅವ್ವನ ಮುಂದೆ ಮಾನ ಹೋಯಿತು, ಕೋಮಲಳ ಕಥೆಯೂ ಮುಗಿಯಿತು. ಆದರೂ ಅವಳು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದಳು.

ಮೇಲೆ ಹೋಗಿ ಸಮವಾಗುವಷ್ಟರಲ್ಲಿ ಗಗನಸಖಿಯ ಫೋನ್ ಬಂತು. ಇಳಿಯುವ ಊರು ದಾಟಿಹೋಯಿತೆಂದು ಹೆಂಗಸೊಬ್ಬಳು ವಿಮಾನದ ಗೋಡೆ ದಬದಬ ಬಡಿಯುತ್ತ ಹೋಲ್ಡಾನ್, ಹೋಲ್ಡಾನ್ ಎನ್ನುತ್ತಿದ್ದಾಳಂತೆ. ಬಸ್ಸು ಸ್ಟಾಪಿನಲ್ಲಿ ನಿಲ್ಲದಿದ್ದರೆ ನಮ್ಮ ಕಡೆಯವರು ಮಾಡುವುದು ಅದನ್ನೇ. ಓಡಿಸುವಾಕಿಯ ತಾಯಿಯೇ ಬಡಿಯುತ್ತಿದ್ದಾಳೆಂದ ಮೇಲೆ ಏನೋ ಇರಬೇಕೆಂದು ಹೋಳಿಗೆ ತಿಂದವರೂ ಕೂಡಿಯೇ ಬಡಿಯುತ್ತಿದ್ದರಂತೆ. ಜೊತೆಯ ಪೈಲಟ್ ನಗು ತಡೆಯಲಾರದೆ ಆ ಕಡೆ ತಿರುಗಿ ಕೂತ.

ಎರಡನೇ ಸಲ ದಾನೇಶ್ವರಿ ಅವ್ವನನ್ನೂ ಮರೆತಳು, ಮಾತನ್ನೂ ಮರೆತಳು. ಸೊಟ್ಟಗೆ ಬಂದಳು, ನೆಟ್ಟಗಾದಳು, ಧಡ್ಡೆಂದು ಊರಿದಳು. ಹಲ್ಲು ಕಟ್ಟಿಸಿಕೊಂಡವರೆಲ್ಲ ಬಾಯಿ ಮುಟ್ಟಿ ನೋಡಿಕೊಂಡಿರಬೇಕು.

ಎಲ್ಲರೂ ಇಳಿದ ಮೇಲೆ ಯಲ್ಲವ್ವ ಬಾಗಿಲ ಬಳಿ ಬಂದು ನಿಂತಳು. ದಾನೇಶ್ವರಿಗೆ ಮುಖ ತೋರಿಸಲು ನಾಚಿಕೆ. ಹಗುರ ಇಳಿಸಲು ಹೋಗಿ ತಪ್ಪಿತು, ಅದಕ್ಕೇ ಮೇಲೆ ಹೋಗಬೇಕಾಯಿತು ಎಂದು ತಾನೇ ಒಪ್ಪಿಕೊಂಡಳು.

"ಮ್ಯಾಲೆ ಹೋಗಂತ ಯಾರು ಹೇಳಿದ್ರು?" ಎಂದಳು ಯಲ್ಲವ್ವ.

"ಯಾರೂ ಇಲ್ಲಬೇ. ನಾನ ಹೋದೆ."

ಯಲ್ಲವ್ವ ಮಗಳ ಕೆನ್ನೆ ಸವರಿದಳು. ಅವ್ವನ ಕಣ್ಣು ತುಂಬಿತ್ತು.

"ಸಣ್ಣಾಕಿ ಇದ್ದಾಗಿಂದ ಹಟ ಹಿಡದ್ರ ಸತ್ರೂ ಹಿಂದ ಸರಿದಾಕಿ ಅಲ್ಲ ನೀ. ಇಂಥಾಕಿ ಕೈಯಾಗ ವಿಮಾನ ಕೊಟ್ಟಾರಂತ ನಿನ್ನ ಫೋನ್ ಬರೂತನಾ ಜೀವ ಹಿಡ್ಕೊಂಡು ಕುಂದರ್ತಿದ್ದೆ. ನಿನಗ ಹಿಂದ ಸರಿಯೂದನ್ನೂ ಕಲಿಸ್ಯಾರ. ಕೋಮಲನ್ನೂ ನೀ ಕಲತ ಸಾಲಿಗೇ ಹಾಕು."