ಅತ್ತಿಗೆ ಆಟಕ್ಕೆ ಸೇರಿಸಿದ ವೀರರ ಕುಲ

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ಓದಿದ್ದು ನಾಲ್ಕನೇ ಕ್ಲಾಸಷ್ಟೆ. ಹಾಳೆಯಲ್ಲಿ ಬರೆದು ಫೋಟೋ ಹಾಕುತ್ತಿದ್ದೇನೆ.

ನಿನ್ನೆ ಪಕ್ಕದ ತೋಟದಲ್ಲಿ ತೆಂಗಿನ ಮಟ್ಟೆ ಸುಡುವ ಹೊಗೆ ಬಂತು. ನಾನು ಚಿಕ್ಕವಳಿದ್ದಾಗ, ಕಾಯಿ ಸುಲಿಯುವ ಕಾಲಕ್ಕೆ ರಜೆಯಲ್ಲಿ ಮನೆಗೆ ಬಂದ ಸಣ್ಣಣ್ಣ ಆಡಿಸುತ್ತಿದ್ದ ಆಟ ನೆನಪಾಯಿತು. ಕಾಲೇಜಿನ ಗೆಳೆಯ ಕೊಟ್ಟ ಇಂಗ್ಲಿಷ್ ಪುಸ್ತಕ ನೋಡಿಕೊಂಡು ಅವನು ಕಥೆ ಹೇಳುತ್ತಿದ್ದ. ನಾವು ಮಕ್ಕಳು ಒಬ್ಬೊಬ್ಬರೂ ಕಥೆಯ ಒಬ್ಬ ವೀರನಾಗಿ ದಾಳ ಹಾಕುತ್ತಿದ್ದೆವು. ವೀರ ಸತ್ತರೆ ರಜೆ ಮುಗಿಯುವವರೆಗೆ ಆಟಕ್ಕೆ ಸೇರುವಂತಿರಲಿಲ್ಲ.

ದೊಡ್ಡಣ್ಣನ ಹೆಂಡತಿ, ಹುಳಿಯಾರು ಕಡೆಯ ಅತ್ತಿಗೆ, ಅಟ್ಟದಿಂದ ಇಳಿಸಿದ ಕಾಯಿಗಳು ಒಣಗಿ ಕೊಬ್ಬರಿಯಾಗಿವೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಅವರೇ ಆಟಕ್ಕೆ ಕಂಬಳಿ ಹೊದ್ದ ವೀರರ ಕುಲವೊಂದನ್ನು ಸೇರಿಸಿದರು. ಆ ಕುಲದವರು ಯುದ್ಧಕ್ಕೆ ಮುಂಚೆ ಒಂದು ಕಾಯಿ ಅಲ್ಲಾಡಿಸಬೇಕು. ಒಳಗೆ ಒಣಗಿ ಬಿಟ್ಟುಕೊಂಡ ಕೊಬ್ಬರಿ ಗಿಟುಕು ಉರುಳಿದರೆ ಹೊರಡಬೇಕು. ನೀರು ಕುಲುಕಿದರೆ ವೀರ ಇನ್ನೂ ಎಳೆಯವನು, ಕತ್ತಿ ಹಿಡಿಯುವಂತಿಲ್ಲ. ಇಂಥದ್ದು ಆ ಪುಸ್ತಕ ಬರೆದವರಿಗೂ ಹೊಳೆದಿರಲಿಲ್ಲ. ನಾನು ಆ ಕುಲಕ್ಕೇ ಸೇರಿದೆ.

ಕಥೆಯಲ್ಲಿ ರಾಕ್ಷಸ ಬಂದ ದಿನ ನನ್ನ ಕಾಯಿಯಲ್ಲಿ ನೀರು ಕುಲುಕಿತು.

"ಕತ್ತಿ ಹಿಡಿಯಂಗಿಲ್ಲ. ಸತ್ತೆ ಕಣೇ, ಎದ್ದೋಗು," ಎಂದ ಸಣ್ಣಣ್ಣ. ನನಗೆ ಅಳು ಬಂತು.

"ತಡಿಯಪ್ಪ," ಎಂದರು ಅತ್ತಿಗೆ. "ಆ ಕುಲದಾಗೆ ಎಳೇರ ಬದ್ಲು ದೊಡ್ಡೋರು ಹೋಯ್ತಾರೆ."

"ಇದ್ಯಾವಾಗ ಸೇರಿಸಿದ್ರಿ ಅತ್ತಿಗೆ?"

"ಈಗ್ಲೇ ಕಣಪ್ಪ. ಕೊಡಿಲ್ಲಿ ದಾಳ."

ಅವ್ವ ನೋಡುತ್ತಿದ್ದರೂ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನಮ್ಮ ನಡುವೆ ಕುಳಿತರು. ದಾಳದಲ್ಲಿ ಎಲ್ಲಕ್ಕಿಂತ ಕಡಿಮೆ, ಒಂದು ಬಿತ್ತು. ಅವರ ವೀರ ಸತ್ತ. ನನ್ನವನು ರಜೆ ಮುಗಿಯುವವರೆಗೂ ಬದುಕಿದ್ದ.

ಇವತ್ತು ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ, ಈಗ ವಯಸ್ಸಾಗಿ ನೋಯುವ ಅತ್ತಿಗೆಯ ಮಂಡಿಗೆ ಹಚ್ಚಿದೆ.