ಭಾವ ಬೇಡವೆಂದ ಯುಗಾದಿ

ನಮ್ಮ ಭಾವ ನಡೆಯುವಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು, ಕತ್ತು ತುಸು ಮುಂದೆ ಚಾಚಿ, ಯಾರ ಮನೆಗೋ ಕ್ಷಮೆ ಕೇಳಲು ಹೊರಟವರ ಹಾಗೆ ಹೆಜ್ಜೆ ಇಡುತ್ತಾರೆ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿದ್ದವರು. ಕೂಗಾಡುವುದೆಲ್ಲ ನಮ್ಮಕ್ಕನ ಇಲಾಖೆ. ಹಾಲಿನವನ ಮೇಲೆ, ಟಿವಿಯ ಮೇಲೆ, ಪಕ್ಕದ ಬೀದಿಯಲ್ಲೇ ಇರುವ ತಂಗಿಯಾದ ನನ್ನ ಮೇಲೆ. ಭಾವ ಮಾತ್ರ "ಆಗ್ಲಿ ಬಿಡೇ" ಎಂದು ಪೇಪರು ಮಗುಚುತ್ತಿದ್ದರು.

ಒಮ್ಮೆ ಇಬ್ಬರೂ ಹೋಗಿ ಬಿಪಿ ನೋಡಿಸಿಕೊಂಡು ಬಂದರು. ಅಕ್ಕನದು ಸರಿಯಾಗಿತ್ತು. ಏರಿದ್ದು ಭಾವನದು! ನನಗೆ ನಂಬಲಿಕ್ಕೇ ಆಗಲಿಲ್ಲ. ಅದು ಸಿಟ್ಟಿನವರಿಗೆ ಬರುವ ಕಾಯಿಲೆ ಎಂದೇ ನಾವೆಲ್ಲ ತಿಳಿದಿದ್ದೆವು.

"ಮೆಷಿನ್ ಕೆಟ್ಟಿರ್ಬೇಕು ಭಾವ" ಎಂದೆ.

"ಎರಡೆರಡು ಸಲ ನೋಡಿದ್ರು ಕಣಮ್ಮ."

ಏರಿರುವುದು ಸ್ವಲ್ಪವೇ, ಈಗಲೇ ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದರಂತೆ ಡಾಕ್ಟರು. ಅಷ್ಟಕ್ಕೇ ಭಾವನ ಮುಖ ಇಳಿದುಹೋಗಿತ್ತು. ಅವರ ತಂದೆ ಬಿಪಿ ಏರಿ, ಲಕ್ವ ಹೊಡೆದು, ವರ್ಷಗಟ್ಟಲೆ ಮಲಗಿದ್ದವರು. ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸಿ ನೋಡಿಕೊಂಡವರು ಭಾವನೇ.

"ನಾನು ಹಾಗೆ ಮಲಗಬಾರ್ದು" ಎಂದರು.

ಮಾರನೆಯ ದಿನವೇ ನಡಿಗೆ ಶುರುವಾಯಿತು. ಅಕ್ಕ ಸಾರಿಗೆ ಉಪ್ಪು ಇಳಿಸಿದಳು. ಮೂರು ತಿಂಗಳಾದ ಮೇಲೆ ನೋಡಿದರೆ ಬಿಪಿ ಮೊದಲಿಗಿಂತ ಜಾಸ್ತಿ. ಇನ್ನೊಂದು ಸಲ ಹೀಗಾದರೆ ಮಾತ್ರೆಯೇ ಗತಿ ಎಂದರು ಡಾಕ್ಟರು. ಅಕ್ಕ ಹೌಹಾರಿದಳು. ಇದೇನು ಗ್ರಹಚಾರ ನೋಡಿಯೇಬಿಡೋಣ ಎಂದು ಒಂದು ಬೆಳಿಗ್ಗೆ ನಾನೂ ಅವರ ಜೊತೆ ಹೊರಟೆ.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ "ಬನ್ನಿ ಸಾರ್, ಕಾಫಿ ಕುಡ್ಕೊಂಡ್ ಹೋಗಿ" ಎಂದು ಒಬ್ಬರು ಕರೆದರು. ಕಾಫಿಯ ಜೊತೆ ಚಕ್ಕುಲಿ. ಮುಂದಿನ ತಿರುವಿನಲ್ಲಿ ಇನ್ನೊಬ್ಬರ ಮನೆ, ನಿಪ್ಪಟ್ಟು. ಕೊಬ್ಬರಿ ಮಂಡಿ ಸಾಹುಕಾರರ ಮನೆಯಲ್ಲಂತೂ ತಟ್ಟೆ ತುಂಬ ಖಾರಾಬೂಂದಿ. ನನಗೆ ತಲೆ ಕೆಟ್ಟಿತು.

"ಭಾವ, ಇದು ವಾಕಿಂಗಾ? ದಿನಾ ಇದೇನಾ?"

"ಬೇಡ ಅಂತೀನಿ ಕಣಮ್ಮ. ಅವರು ಕೇಳ್ಬೇಕಲ್ಲ."

ಅದಾದ ಮೇಲೆ ಯುಗಾದಿ ಬಂತು. ಬೇಲೂರಿನ ಅಮ್ಮನ ಮನೆಗೆ ಹೊರಟೆವು.

ಅಮ್ಮನಿಗೆ ಅಳಿಯನೆಂದರೆ ಪ್ರಾಣ. ಭಾವ ಬೇಡವೆನ್ನುವುದು, ಅಮ್ಮ ಬಲವಂತ ಮಾಡುವುದು, ಕೊನೆಗೆ ಎಲೆ ತುಂಬುವುದು, ಇದು ಅಕ್ಕನ ಮದುವೆಯಾದಾಗಿನಿಂದ ನಡೆದುಬಂದದ್ದು. ಆವತ್ತೂ "ಹಬ್ಬದ ದಿನ ಏನೂ ಆಗಲ್ಲ ಅಳಿಯಂದ್ರೆ" ಎನ್ನುತ್ತಾ ಹಪ್ಪಳ, ಉಪ್ಪಿನಕಾಯಿ ಹಾಕಿದಳು. ಎರಡನೆಯ ಸಲ ಒಬ್ಬಟ್ಟಿನ ಸಾರು ತಂದಾಗ ಭಾವ ಎಡಗೈಯನ್ನು ಎಲೆಗೆ ಅಡ್ಡ ಹಿಡಿದು, "ಬೇಡ ಅತ್ತೆ" ಎಂದರು.

ಹಾಗೆ ಹಿಡಿದ ಕೈಯನ್ನು, ಸೌಟು ಬಗ್ಗಿದ ತಕ್ಷಣ ಎಲ್ಲರೂ ಎಳೆದುಕೊಳ್ಳುತ್ತಾರೆ. ಅಮ್ಮ ನಗುತ್ತಲೇ ಸೌಟು ಬಗ್ಗಿಸಿದಳು. ಭಾವ ಕೈ ತೆಗೆಯಲಿಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ ಸಾರು ಆ ಕೈಮೇಲೆ ಸುರಿಯಿತು.

ಭಾವನ ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ಅಲ್ಲೇ ಇತ್ತು. ನಾನೇ ಅವರನ್ನು ಎಬ್ಬಿಸಿ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ತಣ್ಣೀರು ಬಿಟ್ಟೆ.

ಅಮ್ಮ ಸೌಟು ಹಿಡಿದುಕೊಂಡೇ ಹಿಂದೆ ಬಂದಳು.

"ಇಷ್ಟು ವರ್ಷ ಬೇಡ ಬೇಡ ಅಂತಿದ್ರಲ್ಲ, ಸಂಕೋಚಕ್ಕೆ ಅಂದ್ಕೊಂಡಿದ್ದೆ. ಆಗ್ಲೂ ನಿಜವಾಗ್ಲೂ ಬೇಡ್ವಾಗಿತ್ತಾ ಅಳಿಯಂದ್ರೆ?"

"ಹೌದತ್ತೆ" ಎಂದರು ಭಾವ, ಎಂದಿನ ಮೆಲುದನಿಯಲ್ಲೇ.

ಅಮ್ಮ ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ಇಷ್ಟೆಲ್ಲ ಪ್ರೀತಿ ಮಾಡಿದ ನಮ್ಮಲ್ಲಿ ಒಬ್ಬರೂ ಅವರ ಒಂದು ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಅಕ್ಕನ ಬಾಯಿಂದ ಆ ಸುಟ್ಟ ಕೈಯ ಕತೆ ಕೇಳಿ ಬೀದಿಯವರಿಗೂ ಭಾವನ "ಬೇಡ" ಅರ್ಥವಾಯಿತು. ಮುಂದಿನ ಸಲ ನೋಡಿದಾಗ ಬಿಪಿ ಇಳಿದಿತ್ತು. ಈಗಲೂ ಹಾಗೇ ಇದೆ, ಮಾತ್ರೆಯಿಲ್ಲ. ಆ ಸುದ್ದಿ ಹೇಳಲು ನಾವೆಲ್ಲ ಬೇಲೂರಿಗೆ ಹೋದಾಗ ಅಮ್ಮ ಉಪ್ಪು ಕಮ್ಮಿಯ ಅಡುಗೆ ಮಾಡಿದ್ದಳು. ಬಡಿಸುತ್ತಾ ನನ್ನ ಎಲೆಯ ಮುಂದೆ ಬಂದು, "ಹಾಕ್ಲೇನೇ?" ಎಂದಳು. ಎಂದು, ನಾನು ಹೇಳುವವರೆಗೂ ಕಾದಳು. ನಾನು ಹುಟ್ಟಿ ಬೆಳೆದ ಆ ಮನೆಯಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.