ಬೀರುವಿನ ಪಕ್ಕದ ಫೋರ್‌ಹ್ಯಾಂಡ್

ನಮ್ಮ ಆಫೀಸಿನ ಮನರಂಜನಾ ಕೊಠಡಿಯಲ್ಲಿ ಒಂದು ಟೇಬಲ್ ಟೆನ್ನಿಸ್ ಮೇಜಿತ್ತು. ಅದರ ಒಂದು ತುದಿಯ ಬಲಗಡೆ, ಮೊಳ ದೂರದಲ್ಲಿ, ಕಬ್ಬಿಣದ ಬೀರು. ಅದು ಬೇರೆ ಸೆಕ್ಷನ್ನಿನದು. ಸರಿಸಬೇಕಾದರೆ ಪತ್ರ ಬರೆಯಬೇಕಿತ್ತು. ತೊಂಬತ್ತರ ದಶಕ ಪೂರ್ತಿ ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ದಿನವಿಡೀ ಪತ್ರ ಬರೆಯುವುದೇ ನನ್ನ ಕೆಲಸವಾಗಿತ್ತು, ಸಂಜೆ ಇನ್ನೊಂದು ಬರೆಯುವಷ್ಟು ಜೀವ ಉಳಿದಿರುತ್ತಿರಲಿಲ್ಲ.

ನನಗೆ ಆಟ ಕಲಿಸಿದವರು ನಮ್ಮ ಹೆಡ್ ಕ್ಲರ್ಕ್. "ಮೊಣಕೈ ಪಕ್ಕೆಗೆ ಅಂಟ್ಕೊಂಡಿರ್ಲಿ ಕಣಮ್ಮ" ಎನ್ನುತ್ತಿದ್ದರು. ಅಂಟಿಸಿಕೊಂಡೆ. ಚೆಂಡನ್ನು ಹೊಡೆಯದೆ ಬರೀ ತಳ್ಳುತ್ತಾ ಹತ್ತು ವರ್ಷ ಕಳೆದೆ. ಪ್ರತಿ ವರ್ಷ ಇಲಾಖೆಗಳ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತು ಬಸ್ಸು ಹತ್ತುತ್ತಿದ್ದೆ. ಅವರೂ ಅಷ್ಟೇ. ಒಂದೇ ಒಂದು ಪಂದ್ಯ ಗೆಲ್ಲಬೇಕೆಂಬ ಆಸೆ ಮಾತ್ರ ನನ್ನನ್ನು ಬಿಡಲಿಲ್ಲ.

ನಲವತ್ತು ದಾಟಿದ ಮೇಲೆ ಯಾದವಗಿರಿಯಲ್ಲಿ ಒಬ್ಬ ಕೋಚ್ ಬಳಿ ಬೆಳಗ್ಗೆ ಆರಕ್ಕೆ ಹೋಗತೊಡಗಿದೆ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ನನ್ನ ಹೊಡೆತ ನೋಡಿ, "ಏನನ್ನ ತಪ್ಪಿಸ್ಕೋತಿದೀರಿ ಮೇಡಂ?" ಅಂದಳು. ನನ್ನ ಬಲಕ್ಕೆ ಏನೂ ಇರಲಿಲ್ಲ. ನಾಚಿಕೆಯಾಯಿತು.

ಬಲಕ್ಕೆ ಬಂದ ಚೆಂಡಿಗೆ ಹೊಡೆಯುವ ಫೋರ್‌ಹ್ಯಾಂಡ್ ಎಂದರೆ ಸೊಂಟ ತಿರುಗಿಸಿ, ಬ್ಯಾಟನ್ನು ಹಿಂದಕ್ಕೆ ಒಯ್ದು, ಹಣೆಯವರೆಗೆ ಬೀಸಬೇಕು ಎಂದು ಕಲಿಸಿದಳು. ಚೆಂಡಿಲ್ಲದೆ, ದಿನಕ್ಕೆ ಇನ್ನೂರು ಸಲ, ನಾಲ್ಕು ತಿಂಗಳು. ಭುಜ ಸೇದುತ್ತಿತ್ತು, ಚಪಾತಿ ಲಟ್ಟಿಸಲಾಗುತ್ತಿರಲಿಲ್ಲ, ಆಫೀಸಿನಲ್ಲಿ ತೂಕಡಿಕೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಪಂದ್ಯಾವಳಿಗೆ ಒಂದು ವಾರವಿದ್ದಾಗ ಹೆಡ್ ಕ್ಲರ್ಕ್ ಜೊತೆ ಆಡಲು ನಿಂತೆ, ಮೇಜಿನ ಬೀರುವಿದ್ದ ತುದಿಯಲ್ಲಿ. ಬಲಕ್ಕೆ ಬಂದ ಮೊದಲ ಚೆಂಡಿಗೇ ಕೈ ತಾನಾಗಿ ಹಿಂದಕ್ಕೆ ಹೋಯಿತು. ಬೀರು ಢಣ್ ಎಂದಿತು. ಗೆಣ್ಣು ಒಡೆದು ರಕ್ತ ಬಂತು.

ಅವರು ಈ ಕಡೆ ಬಂದು ನನ್ನ ಕೈ ನೋಡಿದರು. ಆಮೇಲೆ ತಮ್ಮ ಬಲಗೈ ಚಾಚಿದರು. ಗೆಣ್ಣುಗಳ ಮೇಲೆ ಹಳೆಯ ಗಾಯದ ಕಲೆಗಳಿದ್ದವು.

"ಬಂದ ಹೊಸದ್ರಲ್ಲಿ ನಾನೂ ಹಿಂಗೇ ಬೀಸ್ತಿದ್ದೆ ಕಣಮ್ಮ. ಆಮೇಲೆ ಕೈ ಮಡಚ್ಕೊಂಡ್ಬುಟ್ಟೆ."

ನನಗೆ ಅವರ ಮೇಲೆ ಸಿಟ್ಟು ಬಂತು, ಮರುಕ್ಷಣ ಅಳು ಬಂತು. ಕರವಸ್ತ್ರ ಸುತ್ತಿಕೊಂಡು, "ಸರ್, ಆ ಕಡೆ ಹಿಡ್ಕೊಳ್ಳಿ" ಅಂದೆ. ಪತ್ರಗಿತ್ರ ಏನೂ ಇಲ್ಲದೆ ಇಬ್ಬರೂ ಬೀರುವನ್ನು ನೂಕಿದೆವು. ಸುಲಭವಾಗಿ ಸರಿಯಿತು, ಒಳಗೆ ಏನೂ ಇರಲಿಲ್ಲ.

"ಈಗ ಬೀಸಿ ಸರ್" ಎಂದು ಅವರನ್ನು ಅಲ್ಲಿ ನಿಲ್ಲಿಸಿ ಚೆಂಡು ಹಾಕಿದೆ. ಹತ್ತು ಚೆಂಡು ಹಾಕಿದೆ. ಅವರ ಮೊಣಕೈ ಪಕ್ಕೆ ಬಿಟ್ಟು ಏಳಲಿಲ್ಲ.

ಆ ವರ್ಷ ನಾನು ಒಂದು ಪಂದ್ಯ ಗೆದ್ದೆ. ಅವರು ಮೊದಲ ಸುತ್ತಿನಲ್ಲೇ ಸೋತು, ನನ್ನ ಆಟ ನೋಡಲು ಕೊನೆಯವರೆಗೆ ಕೂತಿದ್ದರು.